ಮಾಸ್ತಿಕಟ್ಟೆ ಸೀಮೆಯ ಕೃಷಿ ಸಹಾಯಧನ

ವಾರಾಹಿ ಜಲವಿದ್ಯುತ್ ಯೋಜನೆಯಿಂದ ಹೆಸರಾದ ಮಾಸ್ತಿಕಟ್ಟೆ ಇರುವುದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ. ಇಲ್ಲಿನ ಮತ್ತು ನೆರೆಯ ಸಾಗರ, ತೀರ್ಥಹಳ್ಳಿ ತಾಲ್ಲೂಕುಗಳ ಅಡಿಕೆ, ಭತ್ತದ ಬೆಳೆಗಾರರಿಗೆ ಸರ್ಕಾರದ ನೆರವು ನೇರ ನಗದು, ಬೆಳೆವಿಮೆಯ ಪ್ರೀಮಿಯಂನಲ್ಲಿ ಪಾಲು, ಸೊಸೈಟಿಯ ಬಡ್ಡಿರಹಿತ ಸಾಲ, ಮೈಲುತುತ್ತ ಹಾಗೂ ಹನಿ ನೀರಾವರಿಯ ರಿಯಾಯಿತಿ ಹೀಗೆ ಹಲವು ರೂಪದಲ್ಲಿ ಬರುತ್ತದೆ. ರೂಪ ಯಾವುದಾದರೂ ಅದು ಹುಡುಕಿಕೊಂಡು ಹೋಗುವುದು ಪಹಣಿಯನ್ನು. ರೈತರ ನೋಂದಣಿಯ 'ಫ್ರೂಟ್ಸ್' ತಂತ್ರಾಂಶದ ಗುರುತಿನ ಸಂಖ್ಯೆ ಪಹಣಿ ಮತ್ತು ಆಧಾರ್‌ಗೆ ಜೋಡಣೆಯಾಗದಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ. ಸಹಾಯಧನದ ಮೊತ್ತ ಕಡಿಮೆ ಎಂಬ ದೂರು ಇದ್ದೇ ಇದೆ. ಆದರೆ ಈ ಸೀಮೆಯ ದೊಡ್ಡ ಕೊರತೆ ಮೊತ್ತದ್ದಲ್ಲ, ಉಳುವವರಿಗೂ ಪಹಣಿಯ ಹೆಸರಿಗೂ ಇರುವ ಅಂತರದ್ದು.

ಈ ಅಂತರ ರೈತರ ಉದಾಸೀನದಿಂದ ಹುಟ್ಟಿದ್ದಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಸಾಗರ, ಹೊಸನಗರದ ಗದ್ದೆ ತೋಟಗಳನ್ನು ಮುಳುಗಿಸಿತು. ಎತ್ತರದ ಕಾಡಂಚಿಗೆ ಸರಿದ ಅನೇಕ ಕುಟುಂಬಗಳ ಹೊಸ ಸಾಗುವಳಿಗೆ ಇಂದಿಗೂ ಹಕ್ಕುಪತ್ರ ಪೂರ್ತಿಯಾಗಿ ದಕ್ಕಿಲ್ಲ. ಬಗರ್‌ಹುಕುಂ ಸಾಗುವಳಿಗೆ ನಮೂನೆ 50, 53, 57ರಲ್ಲಿ ಅರ್ಜಿ ಹಾಕಿ ಕಾದವರು ಬೇರೆ. ಪಹಣಿ ಇರುವಲ್ಲಿಯೂ ಅದು ತೀರಿಹೋದ ಅಜ್ಜನ ಹೆಸರಿನಲ್ಲೇ ಉಳಿದಿರುತ್ತದೆ, ಇಲ್ಲವೇ ಜಂಟಿ ಖಾತೆಯಾಗಿರುತ್ತದೆ. ವರ್ಷಕ್ಕೆ ಮೂರು ಕಂತಿನಲ್ಲಿ 6,000 ರೂ. ಕೊಡುವ ಪಿ.ಎಂ. ಕಿಸಾನ್ ಯೋಜನೆ 2019ರ ಫೆಬ್ರವರಿ 1ನ್ನು ಗಡಿ ದಿನಾಂಕವಾಗಿ ಹಿಡಿಯಿತು. ಮುಂದಿನ ಐದು ವರ್ಷ ವಾರಸಿನ ವರ್ಗಾವಣೆ ಬಿಟ್ಟರೆ ಬೇರೆ ಬದಲಾವಣೆ ಪರಿಗಣಿಸುವುದಿಲ್ಲ ಎಂದಿತು. ಹತ್ತಾರು ವರ್ಷ ಉತ್ತು 2020ರಲ್ಲಿ ಸಾಗುವಳಿ ಚೀಟಿ ಪಡೆದವರು ಈ ಲೆಕ್ಕದಲ್ಲಿ ರೈತರೇ ಆಗಲಿಲ್ಲ.

ದಾಖಲೆಯಿಲ್ಲದವರಿಗೆ ಹಣ ಕೊಟ್ಟರೆ ಕಾಡು ಒತ್ತುವರಿಗೆ ಕುಮ್ಮಕ್ಕು ಸಿಗುತ್ತದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಘಟ್ಟದ ಕಾಡು ಉಳಿಯಲೇಬೇಕು. ಆದರೆ ನೆರವು ಪಡೆಯುವುದು ಬೇರೆ, ಒಡೆತನ ಪಡೆಯುವುದು ಬೇರೆ. ಆಂಧ್ರಪ್ರದೇಶ 2019ರಲ್ಲಿ ತನ್ನ ರೈತು ಭರೋಸಾದಲ್ಲಿ ಭೂಹೀನ ಗೇಣಿದಾರರ ಕೆಲವು ವರ್ಗಗಳನ್ನು ಸೇರಿಸಿತು. ಅದರಿಂದ ಅವರು ಭೂಮಾಲೀಕರಾಗಲಿಲ್ಲ. ಕರ್ನಾಟಕದ ಬೆಳೆ ಸಮೀಕ್ಷೆಯೂ ಸರ್ವೆ ನಂಬರಿಗೆ ಹೋಗಿ ನಿಂತ ಬೆಳೆಯ ಫೋಟೊ ತೆಗೆಯುತ್ತದೆ. ಒಂದು ಗಡಿ ದಿನಾಂಕಕ್ಕೆ ಮೊದಲಿನ ಸಾಗುವಳಿಯನ್ನಷ್ಟೇ ಒಪ್ಪಿ, ಬೆಳೆಸಿದವರ ಹೆಸರನ್ನೂ ಅಲ್ಲೇ ಬರೆದುಕೊಂಡರೆ ಹೊಸ ಒತ್ತುವರಿಗೆ ದಾರಿ ತೆರೆಯುವುದಿಲ್ಲ.

ಅಡಿಕೆಯವರಿಗೆ ಸಹಾಯಧನವೇಕೆ ಎನ್ನುವವರು ಧಾರಣೆಯನ್ನು ನೋಡುತ್ತಾರೆ, ಮಳೆಗಾಲವನ್ನು ನೋಡುವುದಿಲ್ಲ. ಮಾಸ್ತಿಕಟ್ಟೆ, ಹುಲಿಕಲ್ ಭಾಗ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಸೇರಿದೆ. ನೂರು ಲೀಟರ್ ನೀರಿಗೆ ಒಂದೊಂದು ಕಿಲೋ ಮೈಲುತುತ್ತ, ಸುಣ್ಣ ಕೂಡಿಸಿದ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮುಂಚೆ ಒಮ್ಮೆ ಗೊನೆಗೆ ಹೊಡೆದು, ಸುಮಾರು ನಲವತ್ತು ದಿನಕ್ಕೆ ಮತ್ತೆ ಹೊಡೆಯಬೇಕು. ಆ ಹೊತ್ತಿಗೆ ಮಳೆ ಬಿಡುವು ಕೊಡದಿದ್ದರೆ ಕೊಳೆರೋಗ ಎಳೆಗಾಯಿಗಳನ್ನು ಉದುರಿಸುತ್ತದೆ. ಈಚೆಗೆ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಅರ್ಧ ಎಕರೆಯವರಿಗೆ ಇಂಥ ಒಂದು ವರ್ಷ ಸಾಲವಾಗಿ ಉಳಿಯುತ್ತದೆ.

ಈ ನಷ್ಟಕ್ಕೆಂದೇ ಇರುವ ಹವಾಮಾನ ಆಧಾರಿತ ವಿಮೆಯಲ್ಲಿ ಅಡಿಕೆಗೆ ಹೆಕ್ಟೇರಿಗೆ 1,28,000 ರೂ. ವಿಮಾ ಮೊತ್ತಕ್ಕೆ ರೈತರು ಶೇ. 5ರಂತೆ 6,400 ರೂ. ಕಟ್ಟಿದ್ದಾರೆ, ಉಳಿದ ಪ್ರೀಮಿಯಂ ಕೇಂದ್ರ, ರಾಜ್ಯ ಸರ್ಕಾರಗಳದು. ಪರಿಹಾರ ನಿರ್ಧಾರವಾಗುವುದು ಉದುರಿದ ಕಾಯಿ ಎಣಿಸಿ ಅಲ್ಲ, ಪಂಚಾಯಿತಿಯ ಮಳೆಮಾಪಕದ ಅಂಕಿಯಿಂದ. ಅಧಿಕಾರಿ ತೋಟಕ್ಕೆ ಬರಬೇಕಿಲ್ಲ, ಲಂಚಕ್ಕೆ ಎಡೆ ಕಡಿಮೆ ಎಂಬುದು ಇದರ ನಿಜವಾದ ಗುಣ. ಆದರೆ ಒಂದೇ ಪಂಚಾಯಿತಿಯ ಎರಡು ಗುಡ್ಡಗಳ ನಡುವೆ ಮಳೆ ಬೇರೆಯಾಗುವ ಈ ಸೀಮೆಯಲ್ಲಿ ಒಂದು ಮಾಪಕ ಸಾಲದು, ಅದು ಕೆಟ್ಟರಂತೂ ಇಡೀ ಪಂಚಾಯಿತಿಯ ಲೆಕ್ಕ ತಪ್ಪುತ್ತದೆ. ಪಹಣಿ ಇದ್ದವರ ಪಾಡು ಇದು. ಪಹಣಿ ಇಲ್ಲದವರ ಪ್ರೀಮಿಯಂ ಸೊಸೈಟಿಯಲ್ಲಿ ಸ್ವೀಕಾರವೇ ಆಗುವುದಿಲ್ಲ.