ಮಾರಿದ ಹೊಲಿಗೆಯಂತ್ರದ ಲೆಕ್ಕ

ಮನೆಯ ಹಳೆಯ ಹೊಲಿಗೆಯಂತ್ರವನ್ನು ಮಾರಿದರೆ ಬಂದ ಹಣ ಸಂಪಾದನೆಯೇ? ಅಮೆರಿಕದ ಬಡ ಅಂಗವಿಕಲರಿಗೆ ಇದು ಅನ್ನದ ಪ್ರಶ್ನೆ. 1972ರ ಶಾಸನದಂತೆ ಅಲ್ಲಿನ ಸರ್ಕಾರ 1974ರ ಜನವರಿಯಿಂದ ಇಂಥವರಿಗೆ ಮಾಸಾಶನ ಕೊಡತೊಡಗಿತು. ಪಡೆಯುವವರಲ್ಲಿ 1,500 ಡಾಲರಿಗಿಂತ ಹೆಚ್ಚು ಆಸ್ತಿ ಇರಬಾರದೆಂದು ನಿಯಮ. 1989ರಲ್ಲಿ ಈ ಮಿತಿ 2,000 ಆಯಿತು. ಮುಂದಿನ ಮೂರು ದಶಕಗಳಲ್ಲಿ ಬೆಲೆಗಳು ಏರಿದವು, ಮಿತಿ ಏರಲಿಲ್ಲ.

2005ರಿಂದ ಮನೆಬಳಕೆಯ ಸಾಮಾನು ಈ ಲೆಕ್ಕಕ್ಕೆ ಸೇರದು. ಅದನ್ನು ಮಾರಿದ ಹಣವೂ ಆದಾಯವಲ್ಲ. ಆಸ್ತಿ ರೂಪ ಬದಲಿಸಿತೆಂದಷ್ಟೇ ಅರ್ಥ. ಆದರೆ ಮುಂದಿನ ತಿಂಗಳ 1ನೆಯ ತಾರೀಖಿನಂದು ಅದು ಕೈಯಲ್ಲೇ ಉಳಿದು, ಒಟ್ಟು ಮೊತ್ತ ಮಿತಿ ದಾಟಿದ್ದರೆ, ಆ ತಿಂಗಳ ಮಾಸಾಶನವಿಲ್ಲ. ಕಷ್ಟಕಾಲಕ್ಕೆಂದು ನಾಲ್ಕು ಕಾಸು ಕೂಡಿಡುವುದನ್ನು ಲೋಕ ವಿವೇಕವೆನ್ನುತ್ತದೆ. ಈ ಲೆಕ್ಕದಲ್ಲಿ ಅದೇ ತಪ್ಪಾಗುತ್ತದೆ.