ನಾನಾ ಭಾಷೆಯ ವಾದ

ಕ್ರೈಸ್ತರಲ್ಲಿ ಪೆಂತೆಕೋಸ್ತರೆಂದು ಹೆಸರಾದವರ ವಿಷಯವಾಗಿ ನಮ್ಮಲ್ಲಿ ಬಹುಮಂದಿ ಬಲ್ಲುದು ಅವರ ಆರಾಧನೆಯ ಗದ್ದಲವೊಂದನ್ನೇ. ಆ ಗದ್ದಲದೊಳಗೆ ನಮ್ಮ ಮೀಮಾಂಸಕರೂ ಕಿವಿಗೊಡಬಹುದಾದ ಒಂದು ಪ್ರಮಾಣವಿಚಾರ ಅಡಗಿದೆ.

ಅಮೆರಿಕದ ಕ್ಯಾನ್ಸಾಸ್ ಪ್ರಾಂತದ ಟೊಪೀಕ ನಗರದಲ್ಲಿ 1900ರಲ್ಲಿ ಚಾರ್ಲ್ಸ್ ಪಾರ್ಹಮ್ ಎಂಬ ಬೋಧಕನು ಒಂದು ಬೈಬಲ್ ಪಾಠಶಾಲೆಯನ್ನು ನಡೆಸುತ್ತಿದ್ದನು. ಪವಿತ್ರಾತ್ಮನ ದೀಕ್ಷೆಯನ್ನು ಪಡೆದವನಿಗೆ ಅದರ ಗುರುತೇನು ಎಂಬುದನ್ನು ಗ್ರಂಥದಲ್ಲಿಯೇ ಶೋಧಿಸಿರೆಂದು ಶಿಷ್ಯರಿಗೆ ಹೇಳಿದನು. ‘ಅಪೊಸ್ತಲರ ಕೃತ್ಯಗಳು’ ಎಂಬ ಭಾಗದ 2, 10, 19ನೆಯ ಅಧ್ಯಾಯಗಳಲ್ಲಿ ಆತ್ಮವು ಇಳಿದಾಗ ಜನರು ನಾನಾ ಭಾಷೆಗಳನ್ನಾಡಿದರೆಂದಿದೆ. ಗುರುತು ಅದೇ ಎಂದು ನಿರ್ಣಯವಾಯಿತು. 1901ರ ಜನವರಿ 1ರಂದು ಆಗ್ನೆಸ್ ಓಜ್ಮನ್ ಎಂಬ ಶಿಷ್ಯೆ ಹಾಗೆ ಮಾತನಾಡಿದಳೆಂದು ಅವರು ನಂಬಿದರು. 1906ರಲ್ಲಿ ಲಾಸ್ ಏಂಜಲೀಸಿನ ಅಜೂಸ ಬೀದಿಯಲ್ಲಿ, ಗುಲಾಮರಾಗಿದ್ದ ತಂದೆತಾಯಿಗಳ ಮಗನಾದ ವಿಲಿಯಂ ಸೀಮೂರನ ಕೂಟಗಳಿಂದ ಈ ಬೋಧೆ ದೇಶದೇಶಗಳಿಗೆ ಹಬ್ಬಿತು.

ಪಾರ್ಹಮನ ಮತದಂತೆ ಈ ಭಾಷೆಗಳು ಅನ್ಯದೇಶೀಯರ ನಿಜವಾದ ಭಾಷೆಗಳೇ. ಮಿಷನರಿಗೆ ವ್ಯಾಕರಣದ ಅಭ್ಯಾಸವೇ ಬೇಡ. ಇದನ್ನು ನಂಬಿ, ತನಗೆ ಬಂಗಾಳಿಯ ವರ ದೊರೆತಿದೆಯೆಂದು ತಿಳಿದ ಆಲ್‌ಫ್ರೆಡ್ ಗಾರ್ ಎಂಬಾತನು ಪತ್ನೀಸಮೇತನಾಗಿ ಕಲ್ಕತ್ತೆಗೆ ಬಂದನು. ಬಂಗಾಳಿಗಳಿಗೆ ಅವನ ಮಾತು ತಿಳಿಯಲಿಲ್ಲ. ನಗುವುದು ಸುಲಭ, ಮನೆಮಾರು ತೊರೆದು ಸಮುದ್ರವನ್ನು ದಾಟಿ ಬಂದವನ ಎದೆಗುದಿಯನ್ನೂ ನಾವು ನೆನೆಯಬೇಕಲ್ಲವೆ? ಅವನು ಅಲ್ಲಿದ್ದ ಮಿಷನರಿಗಳ ನಡುವೆ ಬೋಧಿಸಿ, 1907ರಲ್ಲಿಯೇ ಹಾಂಗ್‌ಕಾಂಗಿಗೆ ಹೋದನು. ಭಾಷೆಯೇ ಗುರುತೆಂಬುದನ್ನು ಅವನು ಬಿಡಲಿಲ್ಲ. ಅದು ಕೇಳುವವರಿಗೆ ತಿಳಿಯುವ ನಾಡಭಾಷೆಯಾಗಿರಬೇಕೆಂಬುದನ್ನು ಮಾತ್ರ ಬಿಟ್ಟನು. ಪ್ರತ್ಯಕ್ಷವು ವ್ಯಾಖ್ಯಾನವನ್ನು ತಿದ್ದಿತು.

ಇಷ್ಟರಲ್ಲಿ ಪುಣೆಯ ಬಳಿಯ ಕೇಡಗಾವಿನ ಮುಕ್ತಿಸದನದಲ್ಲಿ ಇಂಥದೇ ಆವೇಶ 1905ರಿಂದ ತೋರಿಬಂದಿತ್ತು. ಅದರ ಒಡತಿ ಪಂಡಿತಾ ರಮಾಬಾಯಿಯವರು ನಮ್ಮ ಸಹ್ಯಾದ್ರಿಯ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದವರು, ತಾಯಿಯಿಂದ ಸಂಸ್ಕೃತವನ್ನು ಕಲಿತವರು. ಭಾಷೆಯಾಡುವ ವರವನ್ನು ತಳ್ಳಬಾರದು, ಆದರೆ ಆತ್ಮದೀಕ್ಷೆಗೆ ಅವಶ್ಯವಾದ ಗುರುತು ಪ್ರೇಮವೇ ಎಂದು ಅವರು 1907ರಲ್ಲಿ ಬರೆದರು. ಶಾಸ್ತ್ರವಾದಗಳ ನಡುವೆ ಬೆಳೆದವರ ಹದವಾದ ಮಾತು!

ಅಮೆರಿಕದಲ್ಲಿ ಈ ಹದ ದೊರೆಯಲಿಲ್ಲ. ಸೀಮೂರನೇ 1915ರ ಹೊತ್ತಿಗೆ ಭಾಷೆಯೊಂದೇ ಗುರುತೆಂಬುದನ್ನು ನಿರಾಕರಿಸಿದ್ದನು. 1914ರಲ್ಲಿ ಹುಟ್ಟಿದ ‘ಅಸೆಂಬ್ಲೀಸ್ ಆಫ್ ಗಾಡ್’ ಸಂಘದ ಹಿರಿಯರಲ್ಲೊಬ್ಬನಾದ ಎಫ್. ಎಫ್. ಬಾಸ್‌ವರ್ಥನೂ ಪ್ರತಿಪಕ್ಷವನ್ನು ಹಿಡಿದನು. ಸ್ವತಃ ಭಾಷೆಯಾಡಿದವನಾದ್ದರಿಂದ ಅನುಭವವಿಲ್ಲದವನ ಆಕ್ಷೇಪವೆಂದು ಅದನ್ನು ತಳ್ಳುವಂತಿರಲಿಲ್ಲ. ಅವನ ಆಧಾರ ಕೊರಿಂಥದವರಿಗೆ ಪೌಲನು ಬರೆದ ಮೊದಲನೆಯ ಪತ್ರಿಕೆಯ 12ನೆಯ ಅಧ್ಯಾಯ. ಎಲ್ಲರೂ ಭಾಷೆಗಳನ್ನಾಡುವರೇ ಎಂದು ಪೌಲನು ಅಲ್ಲಿ ಕೇಳುತ್ತಾನೆ. ‘ಇಲ್ಲ’ ಎಂಬ ಉತ್ತರವನ್ನೇ ನಿರೀಕ್ಷಿಸುವಂತೆ ಮೂಲದ ಗ್ರೀಕಿನಲ್ಲಿ ಆ ಪ್ರಶ್ನೆಯ ರಚನೆಯಿದೆ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ‘ಕೃತ್ಯಗಳು’ ಆಖ್ಯಾನ, ಪತ್ರಿಕೆ ಉಪದೇಶ. ನಡೆದ ಕಥೆಯಿಂದ ಸರ್ವರಿಗೂ ಸಲ್ಲುವ ವಿಧಿಯನ್ನು ಎತ್ತಬಹುದೆ?

ಎದುರುಪಕ್ಷದವರು ಸುಮ್ಮನಾಗಲಿಲ್ಲ. ದೀಕ್ಷೆಯ ಗುರುತು ಬೇರೆ, ಸಭೆಗಾಗಿ ದೊರೆಯುವ ವರ ಬೇರೆ ಎಂದರು. ಸಭೆಯಲ್ಲಿ ಇಬ್ಬರು ಮೂವರು ಮಾತ್ರ ಸರದಿಯಿಂದ ಆಡಲೆಂದು ಪೌಲನು ವಿಧಿಸಿದ್ದಾನೆ. ಕೊರ್ನೇಲ್ಯನ ಮನೆಯಲ್ಲಾದರೋ ಕೂಡಿದವರೆಲ್ಲರ ಮೇಲೂ ಒಮ್ಮೆಲೇ ಆತ್ಮವಿಳಿಯಿತು, ಭಾಷೆಗಳೂ ಕೇಳಿಬಂದವು. ಎರಡೂ ಒಂದೇ ಆದರೆ ಈ ಭೇದವೇಕೆ? ಜಾಣತನದ ಸಮಾಧಾನ. ಸಮಾರ್ಯದ ಪ್ರಸಂಗವಂತೂ ಎರಡಲಗಿನ ಕತ್ತಿ: ಅಲ್ಲಿ ಭಾಷೆಯ ಮಾತೇ ಇಲ್ಲವೆಂದು ಒಬ್ಬರು, ಮಂತ್ರವಾದಿ ಸೀಮೋನನು ಏನನ್ನೋ ಕಂಡೇ ಹಣ ಕೊಡಬಂದನಲ್ಲ, ಅದೇನೆಂದು ಇನ್ನೊಬ್ಬರು!

ಗುರುತು ಮತ್ತು ವರಗಳ ಈ ಭೇದವನ್ನು ಪೌಲನು ಎಲ್ಲಿಯೂ ಬಾಯಿಬಿಟ್ಟು ಹೇಳಿಲ್ಲವಾದ್ದರಿಂದ ಬಾಸ್‌ವರ್ಥನ ಪಕ್ಷವೇ ಬಲವಾದುದೆಂದು ನನಗೆ ತೋರುತ್ತದೆ. ವರ್ಷಗಟ್ಟಲೆ ಪ್ರಾರ್ಥಿಸಿಯೂ ಭಾಷೆ ಬಾರದ ಭಕ್ತನು ತಾನು ದೇವರಿಗೆ ಬೇಡವಾದವನೋ ಎಂದು ಕೊರಗಬೇಕೆ ಎಂಬುದೂ ಆ ವಾದದೊಳಗೆ ಅಡಗಿತ್ತು. ಆದರೆ ನಿರ್ಣಯ ಬೇರೆಯಾಯಿತು. 1918ರಲ್ಲಿ ಅವನು ತಾನಾಗಿಯೇ ಸಂಘಕ್ಕೆ ರಾಜೀನಾಮೆಯಿತ್ತನು. ಆದರೂ ಅದೇ ವರ್ಷ ಸ್ಪ್ರಿಂಗ್‌ಫೀಲ್ಡಿನ ಮಹಾಸಭೆಯಲ್ಲಿ ಅವನಿಗೆ ಮಾತನಾಡಲು ಅವಕಾಶವಿತ್ತರು. ಕೇಳಿದ ತರುವಾಯ ಸಭೆಯು ಭಾಷೆಯೇ ಗುರುತೆಂಬ ಸಿದ್ಧಾಂತವನ್ನು ಮತ್ತೆ ಸ್ಥಿರಪಡಿಸಿತು. ಇಂದಿಗೂ ಅದು ಆ ಸಂಘದ ವಿಶ್ವಾಸಪತ್ರದಲ್ಲಿದೆ. ಬಾಸ್‌ವರ್ಥನು ಜಗಳವಾಡದೆ ಬೇರೊಂದು ಮಂಡಲಿಯನ್ನು ಸೇರಿ, ರೋಗಿಗಳಿಗಾಗಿ ಪ್ರಾರ್ಥಿಸುವ ಬೋಧಕನಾಗಿ ಊರೂರು ಸುತ್ತಿದನು.