ನೂರಿಪ್ಪತ್ತೇಳು ಹಲ್ಲಿನ ಗೇರ್

ಹಳೆಯ ಲೇತ್ ಇರುವ ವರ್ಕ್‌ಶಾಪಿನಲ್ಲಿ ಗೋಡೆಯ ಮೊಳೆಗಳಲ್ಲೋ ಯಂತ್ರದ ಬುಡದ ತಗಡಿನ ಪೆಟ್ಟಿಗೆಯಲ್ಲೋ ಒಂದಷ್ಟು ಬಿಡಿ ಗೇರ್‌ಗಳಿರುತ್ತವೆ. ಹಲ್ಲು ಎಣಿಸಿದರೆ ಹೆಚ್ಚಿನವು ಸರಳ ಲೆಕ್ಕದವು: 20, 30, 40, 60, 80. ಅವುಗಳ ನಡುವೆ ಊಟದ ತಟ್ಟೆಯಂಥ ದೊಡ್ಡದೊಂದು ಇರುತ್ತದೆ, ಅಥವಾ ಇರಬೇಕು. ಅದಕ್ಕೆ 127 ಹಲ್ಲು. ಇಂಥ ಅವಿಭಾಜ್ಯ ಸಂಖ್ಯೆಯ ಗೇರನ್ನು ಯಾರೂ ಖುಷಿಗೆ ಕಡಿಯುವುದಿಲ್ಲ. ಇಂಚು ಎಂದರೆ 25.4 ಮಿಲಿಮೀಟರ್, ಅದರ ಐದು ಪಟ್ಟು 127. ಇಂಚಿನ ಲೆಕ್ಕದಲ್ಲಿ ಕಟ್ಟಿದ ಲೇತ್‌ನಲ್ಲಿ ಮಿಲಿಮೀಟರ್ ಲೆಕ್ಕದ ಥ್ರೆಡ್ ಕರಾರುವಾಕ್ಕಾಗಿ ತೆಗೆಯಬೇಕಾದರೆ ಈ ಗೇರ್ ಬೇಕೇ ಬೇಕು. ಉಳಿಯನ್ನು ಮುಂದೊಯ್ಯುವ ಉದ್ದ ತಿರುಪಾದ ಲೀಡ್ ಸ್ಕ್ರೂ ಇಂಚಿಗೆ 4 ಸುತ್ತಿನದಾಗಿದ್ದು, ಬೇಕಾಗಿರುವುದು 2 ಮಿ.ಮೀ. ಅಂತರದ ಥ್ರೆಡ್ ಆದರೆ, 40 ಹಲ್ಲಿನದು 127 ಹಲ್ಲಿನದನ್ನು ತಿರುಗಿಸುವಂತೆ ಜೋಡಿಸಬೇಕು. ದೊಡ್ಡ ಗೇರ್ ಇಲ್ಲವೆಂದು 20 ಮತ್ತು 63ರಲ್ಲಿ ಸುಧಾರಿಸಿದರೆ ನೂರು ಮಿಲಿಮೀಟರಿಗೆ ಸುಮಾರು 0.8 ಮಿ.ಮೀ. ತಪ್ಪು ಸೇರುತ್ತದೆ. ಗಿಡ್ಡ ಬೋಲ್ಟಾದರೆ ಹೇಗೋ ನಟ್ಟಿಗೆ ಇಳಿದೀತು. ಉದ್ದದ್ದು ಅರ್ಧದಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ.

ಲೇತ್‌ನ ಇತಿಹಾಸವನ್ನು ನಾವು ಸಾಮಾನ್ಯವಾಗಿ ಯಂತ್ರ ಕಟ್ಟಿದವರ ಕಥೆಯಾಗಿ ಓದುತ್ತೇವೆ. ಲಂಡನ್ನಿನಲ್ಲಿ ಹೆನ್ರಿ ಮೌಡ್ಸ್‌ಲಿ, ನಮ್ಮಲ್ಲಿ ಕಿರ್ಲೋಸ್ಕರ್, ಆಮೇಲೆ ಎಚ್‌ಎಂಟಿ. ಆ ಕಥೆ ಸುಳ್ಳಲ್ಲ, ಅರ್ಧ ಮಾತ್ರ. ಒಬ್ಬ ಕುಶಲಿಯ ಕೈಗೆ ಅಂಟಿಕೊಂಡಿದ್ದ ಯಂತ್ರ ಹತ್ತು ಜನ ಸರದಿಯಲ್ಲಿ ಬಳಸಬಹುದಾದ ಯಂತ್ರವಾದದ್ದು ಹೇಗೆ ಎಂದು ಕೇಳಿದರೆ, ಉತ್ತರ ಸಿಗುವುದು ಬೆಡ್ಡಿನಲ್ಲೋ ಮೋಟರಿನಲ್ಲೋ ಅಲ್ಲ. ಚಕ್ಕು, ಸೆಂಟರು, ಟೂಲ್ ಪೋಸ್ಟು, ಬದಲಿ ಗೇರುಗಳೆಂಬ ಬಿಡಿ ಸಾಮಾನುಗಳಲ್ಲಿ. ಲೇತ್ ಊರೂರಿಗೆ ಹಬ್ಬಿದ್ದು ಹಂಚಿಕೊಳ್ಳಲು ಬರುವ ಯಂತ್ರವಾದದ್ದರಿಂದ, ಹಂಚಿಕೊಳ್ಳಲು ಬಂದದ್ದು ಈ ಸಾಮಾನುಗಳಿಂದ ಎಂಬುದು ನನ್ನ ವಾದ.

ಇದಕ್ಕೆ ಕನ್ನಡಿಗರು ಎತ್ತುವ ಮೊದಲ ತಕರಾರು ಊಹಿಸುವುದು ಕಷ್ಟವಲ್ಲ. ಹನ್ನೆರಡನೆಯ ಶತಮಾನದಲ್ಲೇ ಇಟಗಿಯಲ್ಲಿ, ಬೇಲೂರಿನಲ್ಲಿ, ಹಳೇಬೀಡಿನಲ್ಲಿ ಕಲ್ಲನ್ನು ತಿರುಗಿಸಿ ಕಡೆದ ಕಂಬಗಳಿರುವಾಗ ಲಂಡನ್ನಿನ ಮಾತೇಕೆ? ಬಳಪದ ಕಲ್ಲಿನ ಆ ಕಂಬಗಳ ಮೇಲಿನ ದುಂಡು ಬಳೆಗಳನ್ನು ನೋಡಿದವರಿಗೆ ಹೆಮ್ಮೆ ಉಕ್ಕುವುದು ಸಹಜ. ಚನ್ನಪಟ್ಟಣದ ಅರಗಿನ ಬಣ್ಣದ ಬೊಂಬೆಗಳ ಹಿಂದೆಯೂ ತಿರುಗಿಸಿ ಕಡೆಯುವ ವಿದ್ಯೆಯೇ ಇದೆ. ಆದರೆ ವಸ್ತುವನ್ನು ತಿರುಗಿಸುವುದು ಬೇರೆ, ಉಳಿಯನ್ನು ಹಿಡಿಯುವುದು ಬೇರೆ. ಕೈಯಲ್ಲಿ ಉಳಿ ಹಿಡಿದು ಕಡೆಯುವಾಗ ಅಳತೆ ಇರುವುದು ಕಡೆಯುವವನ ಮಣಿಕಟ್ಟಿನಲ್ಲಿ. ಬೇಲೂರಿನ ನವರಂಗದಲ್ಲಿ ಒಂದು ಕಂಬದಂತೆ ಇನ್ನೊಂದು ಇಲ್ಲದಿರುವುದು ಕಲೆಯ ದೃಷ್ಟಿಯಿಂದ ವೈಭವ. ಅಲ್ಲಿ ಒಂದರ ಜಾಗಕ್ಕೆ ಇನ್ನೊಂದು ಬರಬೇಕೆಂಬ ಅಪೇಕ್ಷೆಯೇ ಇರಲಿಲ್ಲ. ಪಂಪಿನ ಶಾಫ್ಟಿಗೆ ಆ ವೈಭವ ಬೇಡ.

ಉಳಿಯನ್ನು ಕೈಯಿಂದ ಕಿತ್ತುಕೊಂಡು ಯಂತ್ರಕ್ಕೆ ಕೊಟ್ಟದ್ದು ಸ್ಲೈಡ್ ರೆಸ್ಟ್, ಎಂದರೆ ಉಳಿಯನ್ನು ಬಿಗಿಹಿಡಿದು ಜಾರುಗಾಡಿಯಂತೆ ಮುಂದೊಯ್ಯುವ ಜೋಡಣೆ. ಇದು ಮೌಡ್ಸ್‌ಲಿಯ ತಲೆಯಲ್ಲೇ ಮೊದಲು ಹುಟ್ಟಿದ್ದಲ್ಲ. ಹದಿನೆಂಟನೆಯ ಶತಮಾನದ ನಡುವಿನಲ್ಲೇ ಫ್ರಾನ್ಸಿನ ವೋಕಾನ್ಸೋನ್ ಅಂಥದ್ದನ್ನು ಕಟ್ಟಿದ್ದ. ಬೀಗ ತಯಾರಕ ಜೋಸೆಫ್ ಬ್ರಾಮಾನ ಬಳಿ ದುಡಿಯುತ್ತಿದ್ದ ಮೌಡ್ಸ್‌ಲಿ ಸಂಬಳ ಹೆಚ್ಚಿಸಲಿಲ್ಲವೆಂದು 1797ರಲ್ಲಿ ಹೊರಬಿದ್ದು ಸ್ವಂತ ವರ್ಕ್‌ಶಾಪ್ ತೆರೆದ. ಆ ಸುಮಾರಿಗೆ ಅವನು ಮಾಡಿದ ಹೆಚ್ಚುಗಾರಿಕೆ ಎಂದರೆ ಸ್ಲೈಡ್ ರೆಸ್ಟು, ಲೀಡ್ ಸ್ಕ್ರೂ, ಬದಲಿಸಬಹುದಾದ ಗೇರುಗಳು ಮೂರನ್ನೂ ಒಂದೇ ಗಟ್ಟಿ ಲೋಹದ ಚೌಕಟ್ಟಿನಲ್ಲಿ ಕೂಡಿಸಿದ್ದು. ಅಲ್ಲಿಯವರೆಗೆ ಬೋಲ್ಟು ಮತ್ತು ನಟ್ಟು ಗಂಡ ಹೆಂಡಿರಂತೆ: ಈ ಬೋಲ್ಟಿಗೆ ಈ ನಟ್ಟೇ. ಬಿಚ್ಚಿದಾಗ ಜೋಡಿ ತಪ್ಪದಂತೆ ಗುರುತು ಹಾಕಿಡಬೇಕಿತ್ತು, ತಪ್ಪಿದರೆ ರಗಳೆ. ಗೇರಿನ ಲೆಕ್ಕ ಹಿಡಿದು ಥ್ರೆಡ್ ತೆಗೆದಾಗ ಇಂದು ಒಬ್ಬ ಮಾಡಿದ ಬೋಲ್ಟಿಗೆ ನಾಳೆ ಇನ್ನೊಬ್ಬ ಮಾಡಿದ ನಟ್ಟು ಕೂರುತ್ತದೆ. ಸರದಿ ಎಂಬುದು ಆಗ ಸಾಧ್ಯವಾಯಿತು.

ಆ ವರ್ಕ್‌ಶಾಪಿನಲ್ಲಿ ಪಳಗಿ ಹೊರಟವರ ಪಟ್ಟಿ ನೋಡಿದರೆ ಇದು ಇನ್ನಷ್ಟು ಸ್ಪಷ್ಟ. ರಿಚರ್ಡ್ ರಾಬರ್ಟ್ಸ್, ಜೋಸೆಫ್ ಕ್ಲೆಮೆಂಟ್, ಜೇಮ್ಸ್ ನಾಸ್ಮಿತ್, ಜೋಸೆಫ್ ವಿಟ್ವರ್ತ್ ಎಲ್ಲರೂ ಅಲ್ಲಿ ಕೆಲಸ ಮಾಡಿದವರೇ. ಅವರು ಹೊತ್ತೊಯ್ದದ್ದು ಯಂತ್ರವನ್ನಲ್ಲ, ಪದ್ಧತಿಯನ್ನು. ವಿಟ್ವರ್ತ್ 1841ರಲ್ಲಿ ಥ್ರೆಡ್‌ಗಳಿಗೆ ಏಕರೂಪದ ಪದ್ಧತಿ ಸೂಚಿಸಿದಾಗ ಕುರ್ಚಿಯಲ್ಲಿ ಕೂತು ಕಲ್ಪಿಸಿಕೊಂಡಿರಲಿಲ್ಲ. ಇಂಗ್ಲೆಂಡಿನ ಬೇರೆ ಬೇರೆ ವರ್ಕ್‌ಶಾಪುಗಳ ಸ್ಕ್ರೂಗಳನ್ನು ಕೂಡಿಹಾಕಿ, ಅವುಗಳ ಸರಾಸರಿ ತೆಗೆದು, 55 ಡಿಗ್ರಿ ಕೋನ ಗೊತ್ತುಮಾಡಿದ. ವಿಟ್ವರ್ತ್ ಸ್ವತಃ ದೊಡ್ಡ ಕಾರ್ಖಾನೆದಾರ, ಅವನ ಪದ್ಧತಿಯನ್ನು ಹರಡಿದ್ದು ರೈಲ್ವೆ ಕಂಪನಿಗಳು. ಸಣ್ಣ ವರ್ಕ್‌ಶಾಪಿಗೆ ಇದರಲ್ಲೇನು ಪಾಲು ಎಂದು ಕೇಳಬಹುದು. ಹರಡಿದವರು ದೊಡ್ಡವರೇ, ಒಪ್ಪೋಣ. ಆದರೆ ಮೂಲದ ಅಳತೆ ಹಲವು ಕೈಗಳ ಸರಾಸರಿ. ಮೇಲಾಗಿ ಒಮ್ಮೆ ಅದು ಎಲ್ಲರದಾದ ಮೇಲೆ ಹೆಚ್ಚಿನ ಲಾಭ ಪಡೆದದ್ದು, ತನ್ನದೇ ಪದ್ಧತಿ ನಡೆಸುವ ತಾಕತ್ತಿಲ್ಲದ ಸಣ್ಣವನೇ. ಅಮೆರಿಕದಲ್ಲಿ 1860ರ ದಶಕದಲ್ಲಿ ಹುಟ್ಟಿದ ಮೋರ್ಸ್ ಟೇಪರಿನದೂ ಇದೇ ಕಥೆ. ಟೇಲ್ ಸ್ಟಾಕಿನ ತೂತು ಒಂದೇ ಇಳಿಜಾರಿನದಾದರೆ ಯಾವ ಊರಿನ ಡ್ರಿಲ್ ಚಕ್ಕಾದರೂ ಬೋಲ್ಟಿಲ್ಲದೆ, ಬರೀ ಘರ್ಷಣೆಯ ಬಲದಿಂದ ಕಚ್ಚಿ ಕೂರುತ್ತದೆ.

ಕರ್ನಾಟಕಕ್ಕೆ ಲೇತ್ ಬಂದದ್ದು ಯಜಮಾನರ ಆಸ್ತಿಯಾಗಿ. 1885ರಲ್ಲಿ ಶುರುವಾದ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪು, ಕೋಲಾರದ ಚಿನ್ನದ ಗಣಿಗಳ ವರ್ಕ್‌ಶಾಪುಗಳು, ಎಲ್ಲವೂ ಗೇಟಿನೊಳಗಿನ ಲೋಕ. ಎರಡನೆಯ ಮಹಾಯುದ್ಧ ಯಂತ್ರಗಳ ಆಮದನ್ನು ಬಿಗಿಮಾಡಿದಾಗ, 1941ರಲ್ಲಿ, ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಹುಟ್ಟಿತು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ ನೇಗಿಲು, ಪಂಪುಗಳ ದಾರಿಯಲ್ಲಿ ಲೇತ್‌ವರೆಗೆ ಬಂದಿತ್ತು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಸ್ಥಾಪನೆಯಾಯಿತು. ಅದರ ಎಚ್-22 ಲೇತ್ ಹೆಸರು ಮಾಡಿತು. ನಮ್ಮ ಓದುಗರಿಗೆ ಎಚ್‌ಎಂಟಿ ಎಂದರೆ ಕೈಗಡಿಯಾರ, ಆದರೆ ಗಡಿಯಾರ ಶುರುವಾದದ್ದು 1961ರಲ್ಲಿ. ಆ ಹೆಸರಿನ ‘ಎಂಟಿ’ಯೇ ಮಷೀನ್ ಟೂಲ್ಸ್.

ಬೆಂಗಳೂರಿನ ಯಂತ್ರವಿದ್ಯೆಯೆಲ್ಲ ಈ ದೊಡ್ಡ ಕಾರ್ಖಾನೆಗಳ ಕೊಡುಗೆ ಎಂಬ ಮಾತು ರೂಢಿಯಲ್ಲಿದೆ. ತರಬೇತಿಯ ಮಟ್ಟಿಗೆ ಅದು ನಿಜ. ಆದರೆ ಕಾರ್ಖಾನೆಯೊಳಗಿನ ಲೇತ್‌ಗೆ ರೈತ ತನ್ನ ಸವೆದ ಶಾಫ್ಟನ್ನು ಹೊತ್ತು ತರಲಾರ. ಅವನು ಹೋಗುವುದು ಬಸ್ ಸ್ಟ್ಯಾಂಡಿನ ಹಿಂದಿನ, ವೆಲ್ಡಿಂಗ್ ಅಂಗಡಿಗೆ ಅಂಟಿಕೊಂಡ ಲೇತ್ ವರ್ಕ್ಸ್‌ಗೆ. ಪಂಪ್‌ಸೆಟ್ಟಿನ ಬುಷ್, ಟ್ರ್ಯಾಕ್ಟರಿನ ಪಿನ್ನು, ಕಬ್ಬಿನ ಗಾಣದ ರೋಲರು, ಹಿಟ್ಟಿನ ಗಿರಣಿಯ ಶಾಫ್ಟು ಎಲ್ಲವೂ ಅಲ್ಲಿ ಸರದಿಗೆ ಕಾಯುತ್ತವೆ. 1955ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಣ್ಣ ಕೈಗಾರಿಕೆಗಳ ನಿಗಮ ಕಂತಿನ ಮೇಲೆ ಯಂತ್ರ ಕೊಡತೊಡಗಿದ್ದು ಇಂಥ ಅಂಗಡಿಗಳಿಗೆ ದಾರಿ ಮಾಡಿತು. ಇವು ಖಾಸಗಿ ಅಂಗಡಿಗಳು, ಹಂಚಿಕೆಯ ವರ್ಕ್‌ಶಾಪ್ ಹೇಗಾದೀತು ಎನ್ನುವವರಿದ್ದಾರೆ. ಒಡೆತನ ಒಬ್ಬನದು, ಬಳಕೆ ಊರಿನದು. ಜಾಬ್ ವರ್ಕ್ ಎಂಬ ಎರಡು ಪದಗಳು ಹೇಳುವುದು ಇದನ್ನೇ: ಯಂತ್ರ ನನ್ನದು, ಕಬ್ಬಿಣ ನಿನ್ನದು, ಗಂಟೆಗಿಷ್ಟು. ಪೀಣ್ಯದಲ್ಲಂತೂ ಒಬ್ಬನು ಟರ್ನಿಂಗ್ ಮಾಡಿದ ತುಣುಕು ಮಿಲ್ಲಿಂಗಿಗೆ ಪಕ್ಕದ ಶೆಡ್ಡಿಗೆ, ಗ್ರೈಂಡಿಂಗಿಗೆ ಆಚೆ ಬೀದಿಗೆ ಹೋಗುವುದು ದಿನನಿತ್ಯದ ವ್ಯವಹಾರ. ಇಡೀ ಬಡಾವಣೆಯೇ ಬಿಡಿಬಿಡಿಯಾಗಿ ಹರಡಿದ ಒಂದು ವರ್ಕ್‌ಶಾಪು. ಸರಕಾರದ ಕಡೆಯಿಂದಲೂ ಹಂಚಿಕೆಯ ಪ್ರಯತ್ನಗಳು ಆದವು. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಟೂಲ್ ರೂಮ್ ತರಬೇತಿ ಕೇಂದ್ರ, ಹುಡುಗರಿಗೆ ಕಲಿಸುವುದರ ಜೊತೆಗೆ ಹೊರಗಿನವರ ಕೆಲಸವನ್ನೂ ಮಾಡಿಕೊಡುವ ಮಾದರಿಯದು.

ಇಲ್ಲಿಗೆ 127 ಹಲ್ಲಿನ ಗೇರ್ ಮರಳಿ ಬರುತ್ತದೆ. 1956ರ ಕಾಯಿದೆಯಂತೆ ಭಾರತ ಮೆಟ್ರಿಕ್ ಅಳತೆಗೆ ಹೊರಳಿತು; 1958ರ ಅಕ್ಟೋಬರಿನಿಂದ ಅದು ಹಂತಹಂತವಾಗಿ ಜಾರಿಗೆ ಬಂತು. ಸೇರು ಪಾವುಗಳ ಜಾಗಕ್ಕೆ ಕಿಲೋ ಬರಲು ಅಂಗಡಿಯ ತೂಕದ ಬಟ್ಟು ಬದಲಿಸಿದರೆ ಸಾಕಿತ್ತು. ಲೇತ್‌ನ ಲೀಡ್ ಸ್ಕ್ರೂವನ್ನು ಹಾಗೆ ಬದಲಿಸಲಾಗದು, ಅದು ಯಂತ್ರದ ಬೆನ್ನೆಲುಬು. ಹಳೆಯ ಇಂಚಿನ ಲೇತ್‌ಗಳನ್ನು ಗುಜರಿಗೆ ಹಾಕುವ ಐಶ್ವರ್ಯ ಯಾರಿಗೂ ಇರಲಿಲ್ಲ. ಎರಡು ಅಳತೆಗಳ ನಡುವೆ ಸೇತುವೆಯಾದದ್ದು ಈ ಬಿಡಿ ಗೇರ್. ಆದರೆ ಅದು ಒಂದು ಶಿಸ್ತನ್ನೂ ಕೇಳಿತು. ಇಂಚಿನ ಲೀಡ್ ಸ್ಕ್ರೂವಿನಲ್ಲಿ ಮೆಟ್ರಿಕ್ ಥ್ರೆಡ್ ತೆಗೆಯುವಾಗ ಆ ಸ್ಕ್ರೂವನ್ನು ಕಚ್ಚಿ ಹಿಡಿಯುವ ಹಾಫ್ ನಟ್ ಬಿಡಿಸಬಾರದು; ಬಿಡಿಸಿದರೆ ಉಳಿ ಮತ್ತೆ ಅದೇ ಜಾಡಿಗೆ ಬೀಳುವ ಭರವಸೆಯಿಲ್ಲ. ಪ್ರತಿ ಸಲವೂ ಉಳಿ ಹಿಂದೆಳೆದು, ಯಂತ್ರವನ್ನೇ ಉಲ್ಟಾ ತಿರುಗಿಸಿ ಮೊದಲಿಗೆ ಬರಬೇಕು. ನಡುವೆ ಯಾರಾದರೂ ಅರ್ಜೆಂಟೆಂದು ಬಂದು ಹಿಡಿ ಎತ್ತಿದರೆ ಕೆಲಸ ಕೆಟ್ಟಂತೆಯೇ.

ಹೀಗೆ ನಡುವೆ ಬರುವವರ ಕಾಟಕ್ಕೆ ಲೇತ್‌ನಲ್ಲೇ ಒಂದು ಹಳೆಯ ಮದ್ದಿದೆ. ಮೂರು ದವಡೆಯ ಚಕ್ಕಿನಿಂದ ಬಿಚ್ಚಿದ ಜಾಬ್ ಮರಳಿ ಕಟ್ಟಿದಾಗ ಕೂದಲೆಳೆಯಷ್ಟಾದರೂ ಓಲಾಡುತ್ತದೆ. ನಾಲ್ಕು ದವಡೆಯದರಲ್ಲಿ ಸರಿಪಡಿಸಬಹುದು, ತಾಳ್ಮೆ ಬೇಕು. ಎರಡು ತುದಿಗೂ ಸೆಂಟರ್ ತೂತು ಕೊರೆದು, ಕ್ಯಾರಿಯರ್ ಕಟ್ಟಿ, ಎರಡು ಸೆಂಟರುಗಳ ನಡುವೆ ನಿಲ್ಲಿಸಿದ ಶಾಫ್ಟನ್ನಾದರೋ ಎಷ್ಟು ಸಲ ಇಳಿಸಿ ಏರಿಸಿದರೂ ಅದೇ ಅಕ್ಷದಲ್ಲಿ ತಿರುಗುತ್ತದೆ; ಬೆಳಿಗ್ಗೆ ಅರ್ಧ ಮಾಡಿ, ಮಧ್ಯಾಹ್ನ ಇನ್ನೊಬ್ಬರಿಗೆ ಯಂತ್ರ ಬಿಟ್ಟುಕೊಟ್ಟು, ಸಂಜೆ ಮುಂದುವರಿಸಬಹುದು. ಪಠ್ಯಪುಸ್ತಕಗಳು ಇದನ್ನು ನಿಖರತೆಯ ವಿಧಾನವೆಂದು ಕಲಿಸುತ್ತವೆ. ನನಗೆ ಇದು ಸರದಿಯ ವಿಧಾನವಾಗಿಯೂ ಕಾಣುತ್ತದೆ. ಹಂಚಿದ ಯಂತ್ರದ ಇತರ ಕಟ್ಟಳೆಗಳೂ ಸಾಮಾನುಗಳಿಗೇ ಸುತ್ತಿಕೊಂಡಿವೆ: ಚಕ್ ಕೀಯನ್ನು ಚಕ್ಕಿನಲ್ಲೇ ಬಿಟ್ಟು ಕೈ ತೆಗೆಯಬಾರದು, ದವಡೆಗಳನ್ನು 1, 2, 3ರ ಕ್ರಮದಲ್ಲೇ ಹಾಕಬೇಕು, ಬೆಡ್ಡಿನ ಮೇಲೆ ಸುತ್ತಿಗೆ ಇಡಬಾರದು. ಆಯುಧಪೂಜೆಯ ದಿನ ಚಕ್ಕಿಗೆ ಚೆಂಡುಹೂವಿನ ಮಾಲೆ ಬಿದ್ದಾಗ ಕೀಗೂ ಕುಂಕುಮ ಸಿಗುತ್ತದೆ. ಎಲ್ಲವೂ ಹಂಚಿಕೆಯದಲ್ಲ ಎಂಬುದೂ ನಿಜ. ಟರ್ನರ್ ತಾನೇ ಕಲ್ಲು ಹಿಡಿದು ಮಸೆದ ಟೂಲ್ ಬಿಟ್ಟುಗಳು, ಟೂಲಿನ ಎತ್ತರ ಸರಿಮಾಡಲು ಅಡಿಗೆ ಕೊಡುವ ಮುರಿದ ಹ್ಯಾಕ್ಸಾ ಬ್ಲೇಡಿನ ಚೂರುಗಳು ಅವನ ಸ್ವಂತ ಡಬ್ಬಿಯಲ್ಲಿ, ಬೀಗದ ಒಳಗೆ. ಮಣಿಕಟ್ಟಿನ ವಿದ್ಯೆ ಪೂರ್ತಿ ಯಂತ್ರಕ್ಕೆ ಹೋಗಲಿಲ್ಲ, ಉಳಿಯ ಮೊನೆಯಲ್ಲಿ ಒಂದಿಷ್ಟು ಉಳಿದುಕೊಂಡಿತು.

ನನ್ನ ವಾದಕ್ಕೆ ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ. ಹತ್ತು ಕೈ ಆಡಿದ ಲೇತ್ ಬೇಗ ಹಾಳಾಗುತ್ತದೆ. ಚಕ್ಕಿನ ಹತ್ತಿರದ ಬೆಡ್ ಸವೆದು ಉದ್ದದ ಶಾಫ್ಟು ಒಂದೇ ದಪ್ಪ ಬರುವುದಿಲ್ಲ, ದವಡೆಗಳು ಬಾಯಿ ಅಗಲಿಸುತ್ತವೆ, ಗೇರುಗಳು ಕಾಣೆಯಾಗುತ್ತವೆ. ಇದನ್ನು ಅಲ್ಲಗಳೆಯುವಂತಿಲ್ಲ, ಕರಾರುವಾಕ್ಕಾದ ಕೆಲಸಕ್ಕೆ ಬೀಗ ಹಾಕಿದ ಟೂಲ್ ರೂಮೇ ಸರಿ. ಆದರೆ ಊರ ಲೇತ್‌ನ ಕೆಲಸ ಬಹುಪಾಲು ಡ್ರಾಯಿಂಗಿನ ಅಳತೆಗೆ ತಕ್ಕಂತೆ ಮಾಡುವುದಲ್ಲ, ಎದುರಿಗಿಟ್ಟ ಬೇರಿಂಗಿಗೆ ತಕ್ಕಂತೆ ಮಾಡುವುದು. ಟರ್ನರ್ ಒಂದೊಂದೇ ಪದರ ತೆಗೆದು, ಬೇರಿಂಗನ್ನು ಕೂರಿಸಿ ನೋಡಿ, ಮತ್ತೆ ತೆಗೆಯುತ್ತಾನೆ. ಸವೆದ ಯಂತ್ರದ ತಪ್ಪನ್ನು ಅವನು ಬಾಯಿಪಾಠ ಮಾಡಿಕೊಂಡಿರುತ್ತಾನೆ.

ಕಂಪ್ಯೂಟರ್ ನಡೆಸುವ ಸಿಎನ್‌ಸಿ ಲೇತ್‌ಗೆ ಬದಲಿ ಗೇರುಗಳಿಲ್ಲ. ಇಂಚೋ ಮಿಲಿಮೀಟರೋ ಎಂಬುದು ಅಲ್ಲಿ ಪ್ರೋಗ್ರಾಮಿನ ಒಂದು ಸಾಲು. ಹಾಗಿದ್ದೂ ಹರಿಹರದ, ಜಾಲಹಳ್ಳಿಯ ಹಳೆಯ ಯಂತ್ರಗಳು ಸೆಕೆಂಡ್ ಹ್ಯಾಂಡ್ ವ್ಯಾಪಾರದಲ್ಲಿ ಕೈ ಬದಲಾಗುತ್ತಲೇ ಇವೆ. ಮನೆಯ ಅರ್ಧ ಇಂಚಿನ ನಲ್ಲಿಯ ಥ್ರೆಡ್ ಇಂದಿಗೂ ವಿಟ್ವರ್ತನ 55 ಡಿಗ್ರಿಯದೇ, ಹೀಗಾಗಿ ಇಂಚಿನ ಯಂತ್ರಕ್ಕೆ ಕೆಲಸ ತಪ್ಪಿಲ್ಲ. ಅಂಥದ್ದನ್ನು ಕೊಳ್ಳಲು ಬಂದ ಅನುಭವಿ ಬೆಡ್ಡಿನ ಮೇಲೆ ಉಗುರು ಎಳೆದು ಸವೆತ ನೋಡುತ್ತಾನೆ, ಚಕ್ಕನ್ನು ಕೈಯಿಂದ ತಿರುಗಿಸಿ ಕಿವಿಗೊಡುತ್ತಾನೆ. ಆಮೇಲೆ ಬೆಲೆಯ ಮಾತೆತ್ತುವ ಮುನ್ನ, ಸ್ಟೆಡಿ ಇದೆಯೇ, ಫೇಸ್ ಪ್ಲೇಟ್ ಇದೆಯೇ, ಗೇರಿನ ಪೆಟ್ಟಿಗೆ ಎಲ್ಲಿ ಎಂದು ಕೇಳಿ, ಅದರೊಳಗೆ ಕೈಹಾಕಿ ದೊಡ್ಡದಕ್ಕಾಗಿ ತಡಕುತ್ತಾನೆ.